2:3ಕ್ಕ 4:5 ಯಾಕ ಸಮ ಅಲ್ಲ? ಮಗಳಿಗೆ ಹೆಂಗ ತಿಳಿಸಿ ಹೇಳ್ಲಿ

ಸಿಂಧನೂರು_ಅಮ್ಮ:
ನಮಸ್ಕಾರ್ರಿ ಎಲ್ಲಾರಿಗೂ. ಮಗಳು ಆರನೇ ಕ್ಲಾಸು, ಅನುಪಾತ ಸಮಾನುಪಾತ ಪಾಠ ನಡದೈತಿ. 2:3ಕ್ಕ ಸಮಾನ ಅನುಪಾತ ಬರಿ ಅಂದ್ರ 4:5 ಬರಿತಾಳ. "ಎರಡೂ ಕಡೆ 2 ಕೂಡ್ಸೀನಿ ಮಮ್ಮಿ, ಎರಡೂ ಕಡೆ ಒಂದೇ ಮಾಡೀನಿ, ಮತ್ಯಾಕ ತಪ್ಪು" ಅಂತಾಳ. ಗುಣಿಸ್ಬೇಕು ಅಂತ ರೂಲ್ ಹೇಳಿದ್ರ ಅವತ್ತು ಗುಣಿಸ್ತಾಳ, ಮರುದಿನ ಮತ್ತ ಕೂಡಸ್ತಾಳ. ಅಕಿ ಕೇಳೋದು ನ್ಯಾಯ ಐತಿ, ನನಗ ಕಾರಣ ಹೇಳಾಕ ಬರವಲ್ದು.

ಕೊಪ್ಪಳ_ಗೌಂಡಿ:
ಅಕ್ಕಾರ, ಮಾಲು ಕಲಸಿ ತೋರಸ್ರಿ. ಗ್ವಾಡಿ ಕಟ್ಟಾಕ 1:6 ಅಂದ್ರ ಒಂದು ಪುಟ್ಟಿ ಸಿಮೆಂಟಿಗೆ ಆರು ಪುಟ್ಟಿ ಉಸುಕು. ಈಗ ಎರಡೂ ಕಡೆ 2 ಕೂಡಸ್ರಿ, 3:8 ಆತು. ಮೂರು ಪುಟ್ಟಿ ಸಿಮೆಂಟಿಗೆ ಹದಿನೆಂಟು ಪುಟ್ಟಿ ಉಸುಕು ಬೇಕಿತ್ತು, ಎಂಟಾ ಬಿತ್ತು. ಅದು ಬ್ಯಾರೆ ಮಾಲು ಆತಲ್ರಿ, ಸಿಮೆಂಟ್ ಸುಮ್ನ ಹೋತು. ಮಗಳ ಕೈಯಾಗ ಒಂದು ಲೋಟ ಕೊಟ್ಟು ಉಸುಕು, ಬೂದಿ ಅಳಸ್ರಿ ಸಾಕು. ಒಂದು ಸಲ ಕಲಸಿದ್ದನ್ನ ಇನ್ನೊಂದು ಸಲ ಹಂಗಾ ಕಲಸಿದ್ರ 2:12, ಅಂದ್ರ ಅದಾ ಮಾಲು ಎರಡು ಪಟ್ಟು.

ಬಳ್ಳಾರಿ_ಗಣಿತ:
ಗೌಂಡಿ ಅಣ್ಣಾರು ಹೇಳಿದ್ದು ಭಾಳ ಛಲೋ ಐತಿ. ಅದರ ಮ್ಯಾಲೆ ಇದೊಂದು ಹೇಳ್ರಿ: ಎರಡೂ ಕಡೆ ಒಂದೇ ಸಂಖ್ಯೆ ಕೂಡಿಸಿದ್ರ ಉಳಿಯೋದು ವ್ಯತ್ಯಾಸ, ಅನುಪಾತ ಅಲ್ಲ. 2:3ಕ್ಕ ನೂರು ನೂರು ಕೂಡಸ್ಲಿ, 102:103 ಬರ್ತೈತಿ, ವ್ಯತ್ಯಾಸ ಇನ್ನೂ 1ಾ ಐತಿ, ಆದ್ರ ಎರಡೂ ಹೆಚ್ಚುಕಡಿಮಿ ಸಮ ಆಗಿಬಿಟ್ಟಾವು. ಇದನ್ನ ಅಕಿ ಕೈಲೇನಾ ಮಾಡಸ್ರಿ, ನೀವು ಹೇಳಬ್ಯಾಡ್ರಿ.

ಅಡ್ಡ ಗುಣಾಕಾರಾನೂ (ಒಂದರ ಮ್ಯಾಲಿನ ಸಂಖ್ಯೆನ ಇನ್ನೊಂದರ ಕೆಳಗಿನ ಸಂಖ್ಯೆಯಿಂದ ಗುಣಿಸಿ ಎರಡೂ ಸಮ ಅದಾವೇನು ನೋಡೋದು) ಸುಮ್ನ ಬಾಯಿಪಾಠ ಮಾಡಸ್ಬ್ಯಾಡ್ರಿ. 2/3, 8/12 ಎರಡಕ್ಕೂ ಛೇದ 36 ಮಾಡಿದ್ರ ಮ್ಯಾಲೆ ಎರಡರಾಗೂ 24 ಬರ್ತೈತಿ, ಆ 24ಾ 2×12 ಮತ್ತ 3×8. 4:5ಕ್ಕ ನೋಡಿದ್ರ 2×5 ಹತ್ತು, 3×4 ಹನ್ನೆರಡು, ಅದಕ್ಕ ಸಮ ಅಲ್ಲ.

ರಾಯಚೂರು_ಟ್ಯೂಷನ್:
ಒಂದು ಎಚ್ಚರ. ಇದು ಬಂದ ಮ್ಯಾಲೆ ಹುಡುಗ್ರು ಎಲ್ಲಾ ಲೆಕ್ಕಕ್ಕೂ ಇದನ್ನಾ ಹಾಕ್ತಾರ. 4 ಮಂದಿ 6 ದಿನಕ್ಕ ಕಟ್ಟೋ ಗ್ವಾಡಿ 8 ಮಂದಿ ಎಷ್ಟು ದಿನಕ್ಕ ಕಟ್ತಾರ ಅಂದ್ರ 12 ಅಂತ ಬರಿತಾರ, ಮಂದಿ ಹೆಚ್ಚಾದ್ರ ದಿನ ಕಡಿಮಿ ಆಗ್ಬೇಕಲ್ರಿ, 3 ದಿನ. ಮೊದ್ಲು ಒಂದು ಹೆಚ್ಚಾದ್ರ ಇನ್ನೊಂದು ಹೆಚ್ಚಾಗ್ತೈತೋ ಇಲ್ಲೋ ಅಂತ ಕೇಳಿ ಆಮ್ಯಾಲೆ ಪೆನ್ ಹಿಡಿಸ್ರಿ.

ಸಿಂಧನೂರು_ಅಮ್ಮ:
ಲೋಟದಾಗ ಅಳದು ನೋಡಿದ್ಲು, ತಿಳೀತು ಅಂತಾಳ. ಈಗ ಹೊಸಾದು: 4:6, 10:15 ಸಮ ಹೆಂಗ, 4ನ್ನ ಯಾವುದರಿಂದ ಗುಣಿಸಿದ್ರೂ 10 ಬರಂಗಿಲ್ಲ ಅಂತ.

ಬಳ್ಳಾರಿ_ಗಣಿತ:
ಛಲೋ ಕೇಳ್ಯಾಳ. ಎರಡೂವರಿಂದ ಗುಣಿಸಿದ್ರ ಬರ್ತೈತಿ, 6ರ ಎರಡೂವರಿ ಪಟ್ಟು 15. ಅದು ತ್ರಾಸ ಆದ್ರ ಮೊದ್ಲು 4:6ನ್ನ 2ರಿಂದ ಭಾಗಿಸಿ 2:3 ಮಾಡ್ಲಿ, ಆಮ್ಯಾಲೆ 5ರಿಂದ ಗುಣಿಸ್ಲಿ.