ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ಮುಳ್ಳು ಇಳಿಯುತ್ತದೆ: ಸೆನ್ಸರ್ ಹೋಗಿದೆಯಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮಸ್ಕಾರ ಸರ್. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೀ ಆನ್ ಮಾಡಿದಾಗ ಅರ್ಧ ಟ್ಯಾಂಕ್ ಅಂತ ಸರಿಯಾಗಿ ತೋರಿಸುತ್ತದೆ. ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋದರೆ ಮುಳ್ಳು ನಿಧಾನವಾಗಿ ಕೆಳಗೆ ಬಂದು ರಿಸರ್ವ್ ಲೈಟ್ ಹತ್ತುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಗ್ಯಾರೇಜಿನವರು ಟ್ಯಾಂಕ್ ಒಳಗಿನ ಸೆನ್ಸರ್ ಹೋಗಿದೆ, ಬಿಡಿಯಾಗಿ ಸಿಗುವುದಿಲ್ಲ, ಪಂಪ್ ಸಮೇತ ಇಡೀ ಅಸೆಂಬ್ಲಿ ಹಾಕಬೇಕು ಅಂತಾರೆ. ಅರ್ಥ್ ವೈರ್ ಕೂಡ ಮಲ್ಟಿಮೀಟರಿನಲ್ಲಿ ನೋಡಿದ್ದಾರೆ, ಬೀಪ್ ಬಂತಂತೆ. ದುಡ್ಡು ಹಾಕುವ ಮೊದಲು ನಾನೇ ಏನಾದರೂ ಚೆಕ್ ಮಾಡಬಹುದಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್):
ಮಾಡಬಹುದು, ಮಾಡಲೇಬೇಕು. ಅಸೆಂಬ್ಲಿಗೆ ಈಗಲೇ ಆರ್ಡರ್ ಕೊಡಬೇಡಿ ಸರ್. ನೀವು ಬರೆದ ಒಂದು ಮಾತು ನನಗೆ ತುಂಬಾ ಮುಖ್ಯ ಅನಿಸಿತು: ಕೀ ಆನ್‌ನಲ್ಲಿ ಸರಿ, ಎಂಜಿನ್ ಓಡುವಾಗ ತಪ್ಪು. ಟ್ಯಾಂಕಿನಲ್ಲಿ ಪೆಟ್ರೋಲ್ ಅಷ್ಟೇ ಇದೆ, ಸೆನ್ಸರಿನ ತೇಲು ಬುರುಡೆ (ಫ್ಲೋಟ್) ಅಲ್ಲೇ ತೇಲುತ್ತಿದೆ. ಹಾಗಾದರೆ ಆ ಕಡೆ ಬದಲಾಗಿದ್ದೇನು? ಪಂಪ್. ಕೀ ಆನ್ ಮಾಡಿದಾಗ ಅದು ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಎಂಜಿನ್ ಓಡುವಾಗ ಬಿಡದೆ ಓಡುತ್ತದೆ.

ಸರ್ಕ್ಯೂಟ್ ಸರಳ. ಫ್ಲೋಟ್ ಮೇಲೆ ಕೆಳಗೆ ಹೋದಂತೆ ಅದರ ಕೈ ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಜಾರುತ್ತದೆ, ಓಮ್ (ಕರೆಂಟಿಗೆ ಆಗುವ ತಡೆಯ ಅಳತೆ) ಬದಲಾಗುತ್ತದೆ. ಡ್ಯಾಶ್‌ಬೋರ್ಡಿನ ಮೀಟರ್ ಕಡೆಯಿಂದ ಸಾಮಾನ್ಯವಾಗಿ 5 ವೋಲ್ಟ್ ಒಂದು ರೆಸಿಸ್ಟರ್ ಮೂಲಕ ಈ ಸೆನ್ಸರಿಗೆ ಬರುತ್ತದೆ, ಸೆನ್ಸರ್‌ನಿಂದ ಅರ್ಥ್‌ಗೆ, ಅಂದರೆ ಗಾಡಿಯ ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ, ಹೋಗುತ್ತದೆ. ಸಿಗ್ನಲ್ ವೈರಿನಲ್ಲಿ ಉಳಿಯುವ ವೋಲ್ಟೇಜ್ ನೋಡಿ ಮೀಟರ್ ಮುಳ್ಳನ್ನು ಸರಿಸುತ್ತದೆ. ಪಂಪ್ ಮತ್ತು ಸೆನ್ಸರ್ ಎರಡರ ಅರ್ಥ್ ಒಂದೇ ಬೋಲ್ಟಿಗೆ ಸೇರುವ ಗಾಡಿಗಳು ಬೇಕಾದಷ್ಟಿವೆ. ಆ ಬೋಲ್ಟ್ ಕಿಲುಬು ಹಿಡಿದಿದ್ದರೆ, ಪಂಪಿನ ಕರೆಂಟ್ ಹರಿಯುವಾಗಲೆಲ್ಲ ಸೆನ್ಸರಿನ ಅರ್ಥ್‌ನ ವೋಲ್ಟೇಜ್ ಸೊನ್ನೆಯಿಂದ ಮೇಲೇಳುತ್ತದೆ. ಸಿಗ್ನಲ್ ವೋಲ್ಟೇಜೂ ಅದರ ಜೊತೆ ಏರುತ್ತದೆ. ಓಮ್ ಜಾಸ್ತಿ ಆದರೆ ಖಾಲಿ ಅಂತ ಓದುವ ಗಾಡಿಯಲ್ಲಿ ಮುಳ್ಳು ಇಳಿಯುತ್ತದೆ. ಮೀಟರ್ ಸರಾಸರಿ ತೆಗೆದು ತೋರಿಸುವುದರಿಂದ ಒಮ್ಮೆಲೇ ಬೀಳದೆ ನಿಧಾನಕ್ಕೆ ಬರುತ್ತದೆ.

ಬೀಪ್ ಬಂತು ಅಂದ ಮಾತ್ರಕ್ಕೆ ಅರ್ಥ್ ಸರಿ ಇದೆ ಅಂತಲ್ಲ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಎಷ್ಟೋ ಮಲ್ಟಿಮೀಟರ್ 30 ಓಮ್ ಇದ್ದರೂ ಕೂಗುತ್ತವೆ. ಇಲ್ಲಿ 0.2 ಓಮ್ ಸಾಕು ತೊಂದರೆ ಮಾಡಲಿಕ್ಕೆ. ಪಂಪ್ 5 ಆಂಪಿಯರ್ ಎಳೆದರೆ 0.2 ಓಮ್‌ನಲ್ಲಿ 1 ವೋಲ್ಟ್ ಬೀಳುತ್ತದೆ. 5 ವೋಲ್ಟಿನ ಸಿಗ್ನಲ್‌ನಲ್ಲಿ 1 ವೋಲ್ಟ್ ಅಂದರೆ ಸಣ್ಣ ಮಾತಲ್ಲ.

ಹೀಗೆ ಮಾಡಿ. ಗಾಡಿ ಬಯಲಲ್ಲಿ ನಿಲ್ಲಿಸಿ, ಬಾಗಿಲೆಲ್ಲ ತೆರೆದಿಡಿ. ಹಿಂದಿನ ಸೀಟ್ ಎತ್ತಿದರೆ ಸಾಮಾನ್ಯವಾಗಿ ಒಂದು ಮುಚ್ಚಳ, ಅದರಡಿ ಪಂಪಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಇರುತ್ತದೆ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಲೀಕ್ ನೋಡಿಸಿ. ದಪ್ಪ ವೈರ್ ಎರಡು ಪಂಪಿನದು, ಸಣ್ಣವು ಎರಡು ಸೆನ್ಸರಿನದು.

ಮೊದಲು ಸೆನ್ಸರ್. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ. ಟ್ಯಾಂಕ್ ಕಡೆಯ ಎರಡು ಸೆನ್ಸರ್ ಪಿನ್ ನಡುವೆ ಓಮ್ ಇಟ್ಟು, ಇನ್ನೊಬ್ಬರಿಗೆ ಗಾಡಿಯನ್ನು ಅಲ್ಲಾಡಿಸಲು ಹೇಳಿ. ಪೆಟ್ರೋಲ್ ಕುಲುಕಿದಂತೆ ಓಮ್ ಮೆತ್ತಗೆ ಏರಿಳಿಯಬೇಕು. ಮಧ್ಯೆ ಮಧ್ಯೆ ಓಪನ್ (ಸಂಪರ್ಕವೇ ಇಲ್ಲ) ಅಂತ ತೋರಿಸಿದರೆ ಸೆನ್ಸರ್ ಪಟ್ಟಿ ಸವೆದಿದೆ. ಎಷ್ಟು ಓಮ್ ಬರಬೇಕು ಅಂತ ಯಾರೋ ಹೇಳಿದ ಲೆಕ್ಕ ನಂಬಬೇಡಿ, ನಿಮ್ಮ ಗಾಡಿಯ ಮ್ಯಾನ್ಯುಯಲ್ಲೇ ನೋಡಿ. ಯುರೋಪಿನ ಒಂದು ಪದ್ಧತಿಯಲ್ಲಿ ಖಾಲಿಗೆ 10, ಫುಲ್‌ಗೆ 180 ಓಮ್. ಅಮೆರಿಕದ ಒಂದು ಪದ್ಧತಿಯಲ್ಲಿ ಖಾಲಿಗೆ 240, ಫುಲ್‌ಗೆ 33. ಪೂರ್ತಿ ಉಲ್ಟಾ!

ಆಮೇಲೆ ಅರ್ಥ್. ಕಪ್ಲರ್ ವಾಪಸ್ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಪ್ರೋಬ್ ಸೆನ್ಸರಿನ ಅರ್ಥ್ ವೈರಿಗೆ ಕಪ್ಲರ್ ಹಿಂದಿನಿಂದ, ಇನ್ನೊಂದು ಉದ್ದ ವೈರ್ ಕಟ್ಟಿ ಬ್ಯಾಟರಿ ನೆಗೆಟಿವ್‌ಗೆ. ಎಂಜಿನ್ ಓಡುವಾಗ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ.

ಮಧ್ಯೆ ಒಬ್ಬರು (ಹಾಸನದಿಂದ):
ಸರ್, ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಇಷ್ಟೆಲ್ಲ ಬೇಕಾ? ನನ್ನ ಗಾಡಿಯಲ್ಲಿ ಪಿ0463 ಅನ್ನುವ ದೋಷದ ಕೋಡ್ ಬಂದಿತ್ತು. ಫ್ಯೂಯಲ್ ಲೆವೆಲ್ ಹೈ ಅಂತ. ಆದರೆ ಟ್ಯಾಂಕ್ ಖಾಲಿ ತೋರಿಸುತ್ತಿತ್ತು.

ಉತ್ತರ:
ಆ ಹೈ ಅನ್ನುವುದು ಪೆಟ್ರೋಲಿಗಲ್ಲ, ಸಿಗ್ನಲ್ ವೋಲ್ಟೇಜಿಗೆ. ಪಿ0463 ಅಂದರೆ ವೋಲ್ಟೇಜ್ ತೀರಾ ಜಾಸ್ತಿ. ವೈರ್ ತುಂಡಾಗಿದ್ದರೂ, ಅರ್ಥ್ ಬಿಟ್ಟಿದ್ದರೂ ಹಾಗೇ ಬರುತ್ತದೆ. ಇಲಿ ಕಡಿದ ಗಾಡಿಗಳಲ್ಲಿ ನೋಡಿದ್ದೇನೆ. ಪಿ0462 ಇದಕ್ಕೆ ವಿರುದ್ಧ: ಸಿಗ್ನಲ್ ವೈರ್ ಎಲ್ಲೋ ಗಾಡಿಯ ಲೋಹದ ಬಾಡಿಗೆ ತಾಗಿದೆಯಾ ನೋಡಬೇಕು. ಕೋಡ್ ದಾರಿ ತೋರಿಸುತ್ತದೆ ಅಷ್ಟೇ, ಯಾವ ಪಾರ್ಟ್ ಹೋಗಿದೆ ಅಂತ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ಸರ್, ಮಾಡಿದೆ. ಗಾಡಿ ಅಲ್ಲಾಡಿಸಿದಾಗ ಓಮ್ ಎಲ್ಲೂ ಕಟ್ ಆಗದೆ ಬದಲಾಯಿತು. ಅರ್ಥ್‌ನಲ್ಲಿ ಎಂಜಿನ್ ಆಫ್ ಇದ್ದಾಗ ಹತ್ತಿರ ಹತ್ತಿರ ಸೊನ್ನೆ. ಸ್ಟಾರ್ಟ್ ಮಾಡಿದ ಕೂಡಲೇ 0.9 ವೋಲ್ಟ್!

ಉತ್ತರ:
ಸಿಕ್ಕಿತು. ಸೆನ್ಸರ್ ಚೆನ್ನಾಗಿದೆ. ಖಾತ್ರಿಗೆ ಇನ್ನೊಂದು ಕೆಲಸ: ಸೆನ್ಸರಿನ ಅರ್ಥ್ ವೈರಿನಿಂದ ಬ್ಯಾಟರಿ ನೆಗೆಟಿವ್‌ಗೆ ತಾತ್ಕಾಲಿಕವಾಗಿ ಒಂದು ಗಟ್ಟಿ ವೈರ್ ಎಳೆದು ಎಂಜಿನ್ ಓಡಿಸಿ. ಮುಳ್ಳು ಅರ್ಧಕ್ಕೆ ಬಂದು ನಿಂತರೆ ಅನುಮಾನವೇ ಬೇಡ. ಆಮೇಲೆ ಆ ಹಾರ್ನೆಸ್ (ವೈರುಗಳ ಕಟ್ಟು) ಹಿಡಿದು ಹೋಗಿ. ಕಾರ್ಪೆಟ್ ಅಡಿ, ಬಾಗಿಲ ಪಟ್ಟಿಯ ಹತ್ತಿರ, ಇಲ್ಲವೇ ಡಿಕ್ಕಿಯ ಪಕ್ಕದಲ್ಲಿ ಅರ್ಥ್ ಬೋಲ್ಟ್ ಸಿಗುತ್ತದೆ. ನಿಮ್ಮ ಕಡೆಯ ಮಳೆಗೆ ಕಾರ್ಪೆಟ್ ಒದ್ದೆ ಇದ್ದರೂ ಆಶ್ಚರ್ಯವಿಲ್ಲ.

ಪ್ರಶ್ನೆ ಕೇಳಿದವರು:
ಹೌದು ಸರ್, ಎಡಗಡೆ ಬಾಗಿಲ ಪಟ್ಟಿಯ ಒಳಗೆ. ಬೋಲ್ಟ್ ಸುತ್ತ ಹಸಿರು ಕಿಲುಬು, ಕಾರ್ಪೆಟ್ ಒದ್ದೆ. ಉಜ್ಜಿ ಹಾಕಿದ ಮೇಲೆ 0.04 ವೋಲ್ಟ್. ಆಗುಂಬೆ ಘಾಟಿ ಹತ್ತಿ ಬಂದೆ, ಮುಳ್ಳು ಇಳಿಯಲಿಲ್ಲ. ಗಾಡಿ ಎಳೆಯುವುದೂ ಚೆನ್ನಾಗಿದೆ ಅನಿಸಿತು. ತುಂಬಾ ಉಪಕಾರ ಆಯಿತು.

ಉತ್ತರ:
ಬಹಳ ಖುಷಿ ಆಯಿತು. ಪಂಪಿಗೂ ಆ 0.9 ವೋಲ್ಟ್ ಕಡಿಮೆ ಸಿಗುತ್ತಿತ್ತಲ್ಲ, ಈಗ ಪೂರ್ತಿ ಸಿಗುತ್ತಿದೆ. ನೀರು ಎಲ್ಲಿಂದ ಒಳಗೆ ಬರುತ್ತಿದೆ ಅನ್ನುವುದನ್ನು ಮಾತ್ರ ಬಿಡಬೇಡಿ. ಬಾಗಿಲ ರಬ್ಬರ್, ಬಾಗಿಲ ಕೆಳಗಿನ ನೀರು ಹೋಗುವ ತೂತು ನೋಡಿ. ಬೋಲ್ಟಿಗೆ ಸ್ವಲ್ಪ ಗ್ರೀಸ್ ಸವರಿ.

ಪ್ರಶ್ನೆ (ಹುಬ್ಬಳ್ಳಿಯಿಂದ):
ಅಣ್ಣಾ, ನಮ್ಮದು 2012ರ ಡೀಸೆಲ್ ಗಾಡಿ. ಕಾಲು ಟ್ಯಾಂಕ್ ಹತ್ತಿರ ಬಂದಾಗ ಮಾತ್ರ ಮುಳ್ಳು ಸೊನ್ನೆಗೆ ಬೀಳುತ್ತೆ, ಮತ್ತೆ ಏಳುತ್ತೆ. ಅದೂ ಅರ್ಥ್ ತೊಂದರೇನಾ?

ಉತ್ತರ:
ಇಲ್ಲ ಅಕ್ಕಾ. ಒಂದೇ ಜಾಗದಲ್ಲಿ ಬೀಳುತ್ತದೆ ಅಂದರೆ ಬಹುಪಾಲು ಸೆನ್ಸರ್ ಪಟ್ಟಿಯೇ. ಟ್ಯಾಂಕಿಗೆ ಯಾವಾಗಲೂ ಸ್ವಲ್ಪ ಸ್ವಲ್ಪವೇ ಹಾಕಿಸುತ್ತಿದ್ದರೆ ಫ್ಲೋಟ್ ಕೈ ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಇಂಧನದಲ್ಲಿನ ಗಂಧಕ ಬೆಳ್ಳಿ ಕಾಂಟ್ಯಾಕ್ಟನ್ನು ಕಪ್ಪು ಮಾಡುವುದೂ ಇದೆ. ಬಿಎಸ್4 (ಭಾರತ್ ಸ್ಟೇಜ್ ಮಾಲಿನ್ಯ ನಿಯಮ) ಇಂಧನದಲ್ಲಿ ಗಂಧಕದ ಮಿತಿ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಇತ್ತು, 2020ರ ಏಪ್ರಿಲ್‌ನಿಂದ ಬಿಎಸ್6ನಲ್ಲಿ 10. ನಿಮ್ಮ ಗಾಡಿ ಹಳೆಯ ಇಂಧನದಲ್ಲೂ ವರ್ಷಗಟ್ಟಲೆ ಓಡಿದೆ. ಎಮರಿ ಪೇಪರ್ ಹಾಕಿ ಉಜ್ಜಲು ಬಿಡಬೇಡಿ, ಪಟ್ಟಿಯ ತೆಳು ಪದರವೇ ಎದ್ದು ಹೋಗುತ್ತದೆ. ಓಮ್ ಪರೀಕ್ಷೆಯಲ್ಲಿ ಕಟ್ ಕಾಣಿಸಿದರೆ ಸೆನ್ಸರ್ ಬದಲಿಸಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರುವಾಗಲೇ ಬಿಚ್ಚಿಸಿ. ಬ್ಯಾಟರಿ ನೆಗೆಟಿವ್ ಮೊದಲು ತೆಗೆಸಿ, ಹೊಸ ಸೀಲ್ ರಿಂಗ್ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿಸಿ. ಹಳೆಯ ರಿಂಗ್ ಒಮ್ಮೆ ಉಬ್ಬಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ.