ಇಂಗ್ಲೆಂಡಿನಲ್ಲಿ ಹಲ್ಲೆ ಕೇಸಿಗೆ 6 ವರ್ಷ ಜೈಲು: ಅಪೀಲು ಹಾಕಬಹುದಾ?

ಪ್ರಶ್ನೆ: ಮೇಡಂ ನಮಸ್ಕಾರ. ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದ. ಪಬ್‌ನಲ್ಲಿ ಕುಡಿದು ಜಗಳವಾಗಿ, ಬಿಯರ್ ಗ್ಲಾಸಿನಿಂದ ಒಬ್ಬರ ಮುಖಕ್ಕೆ ಹೊಡೆದಿದ್ದಾನೆ. ಸೆಕ್ಷನ್ 18, ಅಂದರೆ ಬೇಕೆಂದೇ ತೀವ್ರ ಗಾಯ ಮಾಡಿದ ಆರೋಪ. ಶುರುವಿನಲ್ಲೇ ತಪ್ಪೊಪ್ಪಿಕೊಂಡ. ಹೋದ ವಾರ ಕ್ರೌನ್ ಕೋರ್ಟ್ 6 ವರ್ಷ ಹಾಕಿತು. ದಾವಣಗೆರೆಯಲ್ಲಿ ಅಕ್ಕ ಊಟ ನಿದ್ದೆ ಬಿಟ್ಟಿದ್ದಾಳೆ. ಅಪೀಲು ಹಾಕಿ ಬೇಲ್ ಮೇಲೆ ಬಿಡಿಸಬಹುದಾ?

ಉತ್ತರ: ಬೇಲ್ ಆಸೆ ಇಟ್ಟುಕೊಳ್ಳಬೇಡಿ ಸರ್. ನಮ್ಮ ಕಡೆ ಹೈಕೋರ್ಟಿಗೆ ಹೋಗಿ ಶಿಕ್ಷೆ ಅಮಾನತು ಮಾಡಿಸಿ ಹೊರಗೆ ಬರುವವರು ಬಹಳ ಜನ, ಅಲ್ಲಿ ಅದು ತೀರಾ ಅಪರೂಪ. ಶಿಕ್ಷೆಯಾದ ದಿನದಿಂದ 28 ದಿನದೊಳಗೆ ಅಪೀಲಿಗೆ ಅನುಮತಿ ಕೇಳುವ ಅರ್ಜಿ ಹೋಗಬೇಕು, ಒಂದು ವಾರ ಆಗಲೇ ಕಳೆದಿದೆ. ಅವನ ಬ್ಯಾರಿಸ್ಟರ್ ಹತ್ತಿರ ಅಪೀಲಿಗೆ ಕಾರಣ ಇದೆಯಾ ಅಂತ ಬರವಣಿಗೆಯಲ್ಲಿ ಅಭಿಪ್ರಾಯ ಕೇಳಿ, ಇವತ್ತೇ.

ಒಳ್ಳೆ ಹುಡುಗ, ಭವಿಷ್ಯ ಹಾಳಾಗುತ್ತದೆ ಅನ್ನುವ ಮಾತಷ್ಟೇ ಅಪೀಲಿನಲ್ಲಿ ನಿಲ್ಲುವುದಿಲ್ಲ. ಶಿಕ್ಷೆ ಎದ್ದು ಕಾಣುವಷ್ಟು ಜಾಸ್ತಿ ಆಗಿರಬೇಕು, ಇಲ್ಲವೇ ಜಡ್ಜ್ ಲೆಕ್ಕ ಹಾಕಿದ ರೀತಿಯೇ ತಪ್ಪಾಗಿರಬೇಕು. ಮೊದಲೇ ಒಪ್ಪಿಕೊಂಡರೆ ಮೂರನೇ ಒಂದು ಭಾಗ ಕಡಿತ. ಅಂದರೆ ಜಡ್ಜ್ ಮನಸ್ಸಿನಲ್ಲಿ ಇದ್ದದ್ದು 9 ವರ್ಷ. ಗ್ಲಾಸನ್ನು ಮಧ್ಯಮ ದರ್ಜೆಯ ಆಯುಧ ಅಂತ ಹಿಡಿದರೆ, ಅಲ್ಲಿನ ಜಡ್ಜ್‌ಗಳು ಪಾಲಿಸುವ ಶಿಕ್ಷೆಯ ಮಾರ್ಗಸೂಚಿಯಲ್ಲಿ ಎರಡನೇ ದರ್ಜೆಯ ಗಾಯಕ್ಕೆ 4ರಿಂದ 7 ವರ್ಷ, ಮೊದಲ ದರ್ಜೆಗೆ 6ರಿಂದ 10. ಇದು ಕಡಿತಕ್ಕೆ ಮುಂಚಿನ ಲೆಕ್ಕ, ಹಾಗಾಗಿ 9 ವರ್ಷ ಎರಡನೇ ದರ್ಜೆಯ ಮಿತಿ ಮೀರುತ್ತದೆ, ಮೊದಲನೆಯದರೊಳಗೆ ಬರುತ್ತದೆ. ಮುಖದ ಮೇಲೆ ಕಾಯಂ ಕಲೆ ಉಳಿದರೆ ಸಾಮಾನ್ಯವಾಗಿ ಎರಡನೇ ದರ್ಜೆ. ದಿನನಿತ್ಯದ ಬದುಕಿಗೇ ದೊಡ್ಡ, ಕಾಯಂ ತೊಂದರೆಯಾಗಿದ್ದರೆ ಮೊದಲನೆಯದು. ಕುಡಿದಿದ್ದು ಬೇರೆ ಶಿಕ್ಷೆ ಏರಿಸುತ್ತದೆ. ಹಾಗಾಗಿ ಗಾಯಾಳುವಿನ ವೈದ್ಯಕೀಯ ವರದಿ, ಜಡ್ಜ್ ಶಿಕ್ಷೆ ಕೊಡುವಾಗ ಹೇಳಿದ ಮಾತು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ವಾದ ಇದ್ದರೆ ಅಲ್ಲೇ ಇದೆ.

ಪ್ರಶ್ನೆ: ಅಪೀಲಿಗೆ ಹೋದರೆ ಶಿಕ್ಷೆ ಜಾಸ್ತಿ ಮಾಡ್ತಾರೆ ಅಂತ ಯಾರೋ ಹೆದರಿಸಿದರು. ಅಕ್ಕ ಲಂಡನ್ನಿಗೆ ಹೋಗಬೇಕಾ?

ಉತ್ತರ: ಅವನ ಅಪೀಲಿನಲ್ಲಿ ಶಿಕ್ಷೆ ಏರಿಸುವ ಹಾಗಿಲ್ಲ, ಅಲ್ಲಿನ 1968ರ ಕ್ರಿಮಿನಲ್ ಅಪೀಲು ಕಾಯಿದೆಯೇ ತಡೆಯುತ್ತದೆ. ಆದರೆ ಹುರುಳಿಲ್ಲದ ಅರ್ಜಿ ಹಾಕಿದರೆ, ಜೈಲಿನಲ್ಲಿ ಕಳೆದ ಕೆಲವು ದಿನಗಳನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿಯದೆ ಬಿಡಬಹುದು. ಸುಮ್ನೆ ಹಾಕಿ ನೋಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಶಿಕ್ಷೆ ತೀರಾ ಕಡಿಮೆಯಾಯಿತು ಅಂತ ಅಟಾರ್ನಿ ಜನರಲ್ ಕೋರ್ಟಿಗೆ ಹೋಗುವ ದಾರಿ ಬೇರೆಯೇ ಇದೆ. ಅದಕ್ಕೂ 28 ದಿನದ ಗಡುವು, ನಿಮ್ಮ ಅಪೀಲಿಗೂ ಅದಕ್ಕೂ ಸಂಬಂಧವಿಲ್ಲ.

ಅಕ್ಕ ಈಗಲೇ ಹೋಗಬೇಕಿಲ್ಲ. ಮೊದಲು ಒಬ್ಬ ಜಡ್ಜ್ ಕಾಗದಪತ್ರ ಮಾತ್ರ ಓದಿ ಅಪೀಲಿಗೆ ಅನುಮತಿ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ.