ಕೆಳಗೆ ನಿಂತು ಹೇಳಿದರೆ ಸಾಕ್ಷಿ, ಮೇಲೆ ನಿಂತು ಹೇಳಿದರೆ ಪ್ರಸಂಗವಾ?

ಬಂಗಾರಪೇಟೆ ಸಂಡೇ ಸ್ಕೂಲ್ ಟೀಚರ್

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಒಂದು ವಿಷಯ ಎರಡು ವಾರದಿಂದ ನಿದ್ದೆ ಕೆಡಿಸಿದೆ. ಇಲ್ಲಿ ಬೇರೆ ಬೇರೆ ಸಭೆಯವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ಬಂಗಾರಪೇಟೆ ಕಡೆ ಒಂದು ಸಣ್ಣ ಸಭೆ. ಯಾವ ದೊಡ್ಡ ಮಿಷನ್‌ಗೂ ಸೇರಿದ್ದಲ್ಲ. ನಲವತ್ತು ಮನೆ ಇರಬಹುದು. ನಾನು 14 ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ವಾಕ್ಯವನ್ನೂ ನಾನೇ ಹೇಳುತ್ತೇನೆ. ಅವತ್ತು ಗಂಡಸರೆಲ್ಲ ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾರೆ, ಬರುವವರು ಹೆಂಗಸರೇ. ಅದಕ್ಕೆ ಇದುವರೆಗೆ ಯಾರೂ ಏನೂ ಅಂದಿಲ್ಲ.

ಈಚೆಗೆ ನಮ್ಮ ಪಾಸ್ಟರ್‌ಗೆ ಆಪರೇಷನ್ ಆಯಿತು, ಆರು ವಾರ ಮಾತಾಡಬಾರದು ಅಂದರು. ಎರಡು ಭಾನುವಾರ ಹಿರಿಯರು ಹೇಗೋ ನಡೆಸಿದರು. ಮೂರನೇ ವಾರ ಹೊರಗಿನಿಂದ ಬರಬೇಕಿದ್ದ ಸೇವಕರು ಶನಿವಾರ ರಾತ್ರಿ ಫೋನ್ ಮಾಡಿ ಬರಲಾಗುವುದಿಲ್ಲ ಅಂದುಬಿಟ್ಟರು. ಪಾಸ್ಟರಮ್ಮ ನನ್ನನ್ನೇ ಹೇಳು ಅಂದರು. ಯೋಹಾನ 4, ಬಾವಿಗೆ ನೀರಿಗೆ ಬಂದು ಯೇಸುವನ್ನು ಕಂಡ ಸಮಾರ್ಯದ ಹೆಂಗಸಿನ ಭಾಗ ತೆಗೆದುಕೊಂಡು ರಾತ್ರಿ ಎರಡು ಗಂಟೆವರೆಗೆ ಕೂತು ಬರೆದುಕೊಂಡೆ. ಅವಳು ಕೊಡ ಅಲ್ಲೇ ಬಿಟ್ಟು ಊರೊಳಗೆ ಹೋಗುತ್ತಾಳೆ ಅಂತ ಇದೆಯಲ್ಲ, ಆ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. ನಮ್ಮ ಕಡೆ ಬೋರು ಸಾವಿರ ಅಡಿ ಹೋದರೂ ನೀರು ಸಿಗುವುದು ಕಷ್ಟ. ತುಂಬಿಸಲು ತಂದ ಕೊಡ ಬಿಟ್ಟು ಹೋಗಬೇಕಾದರೆ ಅವಳಿಗೆ ಸಿಕ್ಕಿದ್ದು ಎಷ್ಟು ದೊಡ್ಡದಿರಬೇಕು, ಅಲ್ವಾ?

ಬೆಳಿಗ್ಗೆ ಹೋದಾಗ ಒಬ್ಬ ಹಿರಿಯರು ಮೈಕ್ ಸ್ಟ್ಯಾಂಡ್ ಎತ್ತಿ ಕೆಳಗೆ ಇಡುತ್ತಿದ್ದರು. ನಮ್ಮ ವೇದಿಕೆ ಅಂದರೆ ಒಂದೇ ಒಂದು ಚಪ್ಪಡಿ ಕಲ್ಲಿನ ಎತ್ತರ ಅಷ್ಟೆ. "ಸಿಸ್ಟರ್, ನೀವು ಇಲ್ಲಿಂದ ಹೇಳಿ, ಇದನ್ನ ಸಾಕ್ಷಿ ಅಂತ ಇಟ್ಟುಕೊಳ್ಳೋಣ" ಅಂದರು. ಸಾಕ್ಷಿ ಅಂದರೆ ದೇವರು ತನಗೆ ಮಾಡಿದ್ದನ್ನು ಹೇಳುವುದು, ಪ್ರಸಂಗ ಅಂದರೆ ವಾಕ್ಯ ಬಿಡಿಸಿ ಉಪದೇಶ ಮಾಡುವುದು. ಸರಿ ಅಂತ ಶುರು ಮಾಡಿದೆ. ಹತ್ತು ನಿಮಿಷ ಆಗಿರಬೇಕು, ಇಬ್ಬರು ಎದ್ದು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ನಿಂತರು. ಕಿಟಕಿಯಿಂದ ಕಾಣುತ್ತಿತ್ತು. ನನಗೆ ಮುಂದೆ ಮಾತೇ ಬರಲಿಲ್ಲ. 38ನೇ ವಚನಕ್ಕೆ ನಿಲ್ಲಿಸಿ ಪ್ರಾರ್ಥನೆ ಮಾಡಿ ಕೂತುಬಿಟ್ಟೆ.

ಆಮೇಲೆ ಕಮಿಟಿಯವರು ಸೇರಿ, ಇನ್ನು ಮುಂದೆ ಹೆಂಗಸರು ಸಾಕ್ಷಿ ಮಾತ್ರ ಹೇಳಬೇಕು ಅಂತ ಪುಸ್ತಕದಲ್ಲಿ ಬರೆದರು. ನನಗೆ ಪಾಸ್ಟರ್ ಆಗುವ ಆಸೆ ಇಲ್ಲ, ಜಗಳವೂ ಬೇಡ. ಆದರೆ ಪಿಯುಸಿ ಓದುವ ಮಗಳು ಕೇಳಿದಳು, "ಅಮ್ಮ, ನೀನು ಹೇಳಿದ್ದು ತಪ್ಪಾ, ನಿಂತಿದ್ದು ತಪ್ಪಾ?" ಅವಳಿಗೆ ಏನು ಹೇಳಲಿ? ವಾಕ್ಯ ನಿಜವಾಗಿ ಏನು ಹೇಳುತ್ತದೆ?

ತಿಪಟೂರು ಸಭಾಹಿರಿಯ

ತಂಗಿ, ನಿನ್ನ ಪತ್ರ ಓದಿ ಮನಸ್ಸಿಗೆ ನೋವಾಯಿತು. ವಾಕ್ಯ ಹೇಳುವಾಗ ಎದ್ದು ಹೋಗಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಬೇಡ ಅನ್ನುವುದಿದ್ದರೆ ಶನಿವಾರವೇ ಹೇಳಬೇಕಿತ್ತು.

ಆದರೆ ಕೇಳಿದ್ದೀಯಲ್ಲ, ನನಗೆ ತಿಳಿದದ್ದನ್ನು ಮರೆಮಾಚದೆ ಹೇಳುತ್ತೇನೆ. ಒಂದನೆಯ ತಿಮೊಥೆಯ 2:12ರಲ್ಲಿ ಸ್ತ್ರೀ ಉಪದೇಶ ಮಾಡುವುದಕ್ಕಾಗಲಿ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕಾಗಲಿ ಅಪ್ಪಣೆ ಕೊಡುವುದಿಲ್ಲ ಅಂತ ಪೌಲನು ಬರೆಯುತ್ತಾನೆ. ಅದು ತಿಮೊಥೆಯನಿದ್ದ ಎಫೆಸ ಊರಿನ ಗಲಾಟೆಗೆ ಮಾತ್ರ ಹೇಳಿದ್ದು ಅಂತ ಕೆಲವರು ಅನ್ನುತ್ತಾರೆ. ಹಾಗಿದ್ದರೆ ಮುಂದಿನ ವಚನದಲ್ಲಿ ಆದಾಮ ಹವ್ವರ ತನಕ ಯಾಕೆ ಹೋದ? ಸೃಷ್ಟಿಯ ಕ್ರಮವನ್ನೇ ಕಾರಣ ಕೊಡುತ್ತಿದ್ದಾನೆ. ಕರ್ತನು ಆರಿಸಿಕೊಂಡ ಹನ್ನೆರಡು ಮಂದಿ ಶಿಷ್ಯರೂ ಗಂಡಸರೇ. ಹೆಂಗಸರು ಕಮ್ಮಿ ಅಂತ ಇದರ ಅರ್ಥ ಅಲ್ಲ. ನನಗೆ ಪ್ರಾರ್ಥನೆ ಕಲಿಸಿದ್ದು ನಮ್ಮ ತಾಯಿ, ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಭೆಯ ಮೇಲ್ವಿಚಾರಣೆ ಬೇರೆ ಕೆಲಸ. ಇದು ಆ ಕಾಲಕ್ಕೆ ಹೇಳಿದ್ದು ಅಂತ ಒಂದು ವಚನ ಬದಿಗಿಟ್ಟರೆ ನಾಳೆ ಇನ್ನೊಂದನ್ನೂ ಬದಿಗಿಡುತ್ತೇವೆ, ನನ್ನ ಭಯ ಇರುವುದು ಅಲ್ಲಿ.

ಶಿರಾ ಬ್ರದರ್

ಹಿರಿಯರು ಸರಿಯಾಗಿ ಹೇಳಿದ್ದಾರೆ. ಇದೆಲ್ಲ ಈಗ ಅಮೆರಿಕ ಇಂಗ್ಲೆಂಡಿನಿಂದ ಬಂದ ಗಾಳಿ. ನಮ್ಮ ದೇಶದ ಪದ್ಧತಿಯಲ್ಲಿ ಇಲ್ಲ.

ಕೋಲಾರ, ನಿವೃತ್ತ ನರ್ಸ್

ಬ್ರದರ್, ಹೊರಗಿನ ಗಾಳಿ ಅಂದಿರಲ್ಲ, ಕೋಲಾರಕ್ಕೆ ಬನ್ನಿ, ಮಿಷನ್ ಆಸ್ಪತ್ರೆ ತೋರಿಸುತ್ತೇನೆ. ಇಟಿಸಿಎಂ ಅಂತ ಎಲ್ಲರೂ ಕರೆಯುತ್ತಾರೆ, ಪೂರ್ತಿ ಹೆಸರು ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. ಹೆಂಗಸಿನ ಹೆಸರು ಅದು. 1869ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮೆಥೊಡಿಸ್ಟ್ ಅನ್ನುವ ಪ್ರೊಟೆಸ್ಟೆಂಟ್ ಸಭೆಯ ಹೆಂಗಸರು ತಾವೇ ಒಂದು ಮಿಷನರಿ ಸಂಘ ಕಟ್ಟಿದರು. ಅದೇ ವರ್ಷ ಇಸಬೆಲ್ಲಾ ಥೋಬರ್ನ್ ಅನ್ನುವ ಟೀಚರನ್ನೂ ಕ್ಲಾರಾ ಸ್ವೇನ್ ಅನ್ನುವ ಡಾಕ್ಟರನ್ನೂ ಇಂಡಿಯಾಕ್ಕೆ ಕಳಿಸಿದರು. ಹೊಸಿಲು ದಾಟದ ಹೆಂಗಸರ ಹತ್ತಿರ ಗಂಡಸು ಡಾಕ್ಟರೂ ಹೋಗುವ ಹಾಗಿರಲಿಲ್ಲ, ಗಂಡಸು ಪಾದ್ರಿಯೂ ಹೋಗುವ ಹಾಗಿರಲಿಲ್ಲ. ಆ ಬಾಗಿಲು ತೆರೆದದ್ದು ಹೆಂಗಸರಿಗೆ.

ಅವರ ಜೊತೆ ನಮ್ಮೂರಿನ ಹೆಂಗಸರೂ ಹೋಗುತ್ತಿದ್ದರು, ಬೈಬಲ್ ವುಮನ್ ಅಂತ ಕರೆಯುತ್ತಿದ್ದರು. ನಮ್ಮ ಅಜ್ಜಿಯ ಅಕ್ಕ ಅದೇ ಕೆಲಸ ಮಾಡಿದವರು. ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಲಾಟೀನು, ಹಳ್ಳಿಯಿಂದ ಹಳ್ಳಿಗೆ ನಡಿಗೆ. ಅವರ ಬೈಬಲ್ ಈಗಲೂ ನಮ್ಮ ಮನೆಯಲ್ಲಿದೆ. ಲೂಕನ ಸುವಾರ್ತೆಯ ಹಾಳೆಗಳ ಅಂಚು ಮಸಿ ಹಿಡಿದು ಕಪ್ಪಾಗಿದೆ, ಅಷ್ಟು ಸಲ ದೀಪದ ಹತ್ತಿರ ಹಿಡಿದು ಓದಿದ್ದಾರೆ. ಒಳಗೆ ಹೆಂಗಸರು ಕೂರುತ್ತಿದ್ದರು, ಜಗಲಿ ಮೇಲೆ ಗಂಡಸರು ಬೀಡಿ ಸೇದುತ್ತಾ ಕೂತು ಕೇಳುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಹಾಗೆ ಜಗಲಿಯಲ್ಲಿ ಕೇಳಿದವರೇ ಆಮೇಲೆ ದೀಕ್ಷಾಸ್ನಾನ ತಗೊಂಡರು. ಅವರ ಮಕ್ಕಳು ಸಭೆಯ ಹಿರಿಯರಾದರು. ದೊಡ್ಡಜ್ಜಿಯ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಅವರು ಮಾಡಿದ್ದು ಪ್ರಸಂಗ ಅಲ್ಲವಾದರೆ ಇನ್ನೇನು?

ಮೆಥೊಡಿಸ್ಟ್ ಸಭೆ 1956ರಲ್ಲಿ ಹೆಂಗಸರಿಗೆ ಪಾದ್ರಿಯ ಪೂರ್ತಿ ಹಕ್ಕು ಕೊಟ್ಟಿತು. ಕೆಲಸ ಮೊದಲೇ ನಡೆಯುತ್ತಿತ್ತು, ಹೆಸರು ಆಮೇಲೆ ಬಂತು.

ಚಿಂತಾಮಣಿ ಓದುಗ

ನಮ್ಮ ದೇಶದ ಪದ್ಧತಿ ಅಂದಿದ್ದಕ್ಕೆ ಒಂದು ವಿಷಯ. ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಅಪ್ಪ ಸಂಸ್ಕೃತ ಪಂಡಿತರು, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದರು. ರಮಾಬಾಯಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಇದ್ದಾಗ ಗಂಡುಮಕ್ಕಳಿಗೂ ಪಾಠ ಹೇಳುವ ಮಾತು ಬಂತು. ಬೇಡ ಅಂದವರು ಯಾರು? ಇಂಗ್ಲಿಷ್ ಬಿಷಪ್ಪರು. ಅದಕ್ಕೆ ಆಕೆ ಬರೆದ ಉತ್ತರದ ಸಾರ ಇಷ್ಟು: ನಮ್ಮ ತಾಯಿಯೂ ನಾನೂ ಯುವಕರಿಗೆ ಕಲಿಸುವಾಗ ನಮ್ಮಪ್ಪನೂ ಬೇಡ ಅನ್ನಲಿಲ್ಲ, ನನ್ನ ಗಂಡನೂ ಬೇಡ ಅನ್ನಲಿಲ್ಲ, ಕೆಲವು ಇಂಗ್ಲಿಷಿನವರು ಅಡ್ಡ ಬರುವುದು ನೋಡಿ ಆಶ್ಚರ್ಯ ಆಗುತ್ತಿದೆ. ಮುಂದೆ ಇದೇ ಹೆಂಗಸು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಆ ಮರಾಠಿ ಬೈಬಲ್ ಹಿಡಿದು ಗಂಡಸು ಪ್ರಸಂಗ ಮಾಡಬಹುದು, ಅದನ್ನು ಮಾಡಿಕೊಟ್ಟವಳು ಮಾಡಬಾರದು ಅಂದರೆ ನನಗಂತೂ ಒಪ್ಪಿಗೆ ಆಗುವುದಿಲ್ಲ.

ತುಮಕೂರು, ಸಿಎಸ್‌ಐ

ಅಕ್ಕ, ನಿಮ್ಮ ಕಥೆ ಓದುವಾಗ ನನಗೆ ತಕ್ಷಣ ನೆನಪಾದದ್ದು ಸುಸನ್ನಾ ವೆಸ್ಲಿ. ನಮ್ಮ ತುಮಕೂರಿನವರದು ಮೊದಲು ವೆಸ್ಲಿಯನ್ ಮಿಷನ್, ಆಮೇಲೆ 1947ರಲ್ಲಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಹಾಗಾಗಿ ಈ ಕಥೆ ನಮಗೆ ಮನೆ ಕಥೆ ಇದ್ದ ಹಾಗೆ. ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ ಈಕೆ. 1711–12ರ ಚಳಿಗಾಲದಲ್ಲಿ ಗಂಡ ಲಂಡನ್‌ಗೆ ಹೋಗಿದ್ದರು, ಅವರೂ ಪಾದ್ರಿ. ಇಂಗ್ಲೆಂಡಿನ ಎಪ್‌ವರ್ತ್ ಊರಿನ ಸಭೆಯನ್ನು ಇನ್ನೊಬ್ಬ ಕಿರಿಯ ಪಾದ್ರಿಗೆ ಒಪ್ಪಿಸಿದ್ದರು. ಸುಸನ್ನಾ ಭಾನುವಾರ ಸಂಜೆ ಮನೆಯಲ್ಲಿ ಮಕ್ಕಳಿಗೆ ಪ್ರಸಂಗ ಓದಿ ಹೇಳಲು ಶುರು ಮಾಡಿದರು. ಕೆಲಸದವರು ಬಂದರು, ಅಕ್ಕಪಕ್ಕದವರು ಬಂದರು, ಕೊನೆಗೆ ಇನ್ನೂರು ಜನ ದಾಟಿತು, ನಿಲ್ಲಲು ಜಾಗ ಇಲ್ಲ. ಕಿರಿಯ ಪಾದ್ರಿ ದೂರು ಬರೆದ. ಗಂಡ ನಿಲ್ಲಿಸು ಅಂತ ಕಾಗದ ಹಾಕಿದರು. ಆಕೆ ಏನು ಉತ್ತರ ಕೊಟ್ಟರು ಗೊತ್ತಾ? ಸುಮ್ನೆ ನಿಲ್ಲಿಸಿದರೆ ಒಳ್ಳೆಯದು ಅನ್ನಬೇಡಿ, ಸ್ಪಷ್ಟವಾಗಿ ಆಜ್ಞೆ ಮಾಡಿ; ಈ ಜನರಿಗೆ ಒಳ್ಳೆಯದು ಮಾಡುವ ಅವಕಾಶ ಬಿಟ್ಟದ್ದಕ್ಕೆ ಕರ್ತನ ನ್ಯಾಯಾಸನದ ಮುಂದೆ ನಾನು ಲೆಕ್ಕ ಕೊಡದ ಹಾಗೆ ಆಗಲಿ, ಅಂತ.

ಇನ್ನು ಹಿರಿಯರ ಮಾತಿಗೆ ಬರುತ್ತೇನೆ. ಅಣ್ಣ, ವಚನ ಬದಿಗಿಡಬಾರದು ಅಂದಿರಿ, ನನಗೂ ಅದೇ ಬೇಕು. ಯಾವುದನ್ನೂ ಬದಿಗಿಡಬಾರದು. ಒಂದನೆಯ ಕೊರಿಂಥ 14:34ರಲ್ಲಿ ಹೆಂಗಸರು ಸಭೆಯಲ್ಲಿ ಸುಮ್ಮನಿರಲಿ ಅಂತ ಇದೆ. ಅದೇ ಪತ್ರದ 11:5ರಲ್ಲಿ ಹೆಂಗಸು ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ, ಅಂದರೆ ದೇವರ ಸಂದೇಶ ಹೇಳುವಾಗ, ತಲೆಗೆ ಮುಸುಕು ಹಾಕಿರಲಿ ಅಂತಲೂ ಇದೆ. ಬಾಯಿ ತೆರೆಯಲೇಬಾರದು ಅಂದಿದ್ದರೆ ಮುಸುಕಿನ ಮಾತು ಯಾಕೆ ಬರುತ್ತಿತ್ತು? ತಿಮೊಥೆಯದಲ್ಲಿ ಅಧಿಕಾರ ನಡೆಸುವುದು ಅಂತ ಇರುವ ಕಡೆ ಪೌಲ ಹಾಕಿರುವ ಗ್ರೀಕ್ ಮಾತು ಇಡೀ ಹೊಸ ಒಡಂಬಡಿಕೆಯಲ್ಲಿ ಅದೊಂದೇ ಸಲ ಬರುವುದು. ಅದು ಸಾಮಾನ್ಯ ಅಧಿಕಾರವೋ, ದಬ್ಬಾಳಿಕೆಯೋ ಅಂತ ಪಂಡಿತರು ಇಂದಿಗೂ ವಾದ ಮಾಡುತ್ತಿದ್ದಾರೆ. ಅದರ ಹಿಂದಿನ ವಚನದಲ್ಲಿ ಹೆಂಗಸು ಕಲಿಯಲಿ ಅಂತ ಇರುವುದನ್ನು ನಾವು ಓದಿಯೂ ಓದದ ಹಾಗೆ ದಾಟಿಬಿಡುತ್ತೇವೆ.

ರೋಮಾಪುರ 16 ಒಮ್ಮೆ ನಿಧಾನವಾಗಿ ಓದಿ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ, ಪೌಲನ ಜೊತೆ ಕೆಲಸ ಮಾಡಿದ ಪ್ರಿಸ್ಕಿಲ್ಲ, ಅಪೊಸ್ತಲರಲ್ಲಿ ಹೆಸರಾದ ಯೂನ್ಯ. ಪ್ರಿಸ್ಕಿಲ್ಲಳೂ ಗಂಡ ಅಕ್ವಿಲನೂ ಸೇರಿ ಅಪೊಲ್ಲೋಸನಂಥ ವಾಗ್ಮಿಗೇ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ತಿಳಿಸಿದರು ಅಂತ ಅಪೊಸ್ತಲರ ಕೃತ್ಯ 18ರಲ್ಲಿ ಇದೆ. ಹನ್ನೆರಡು ಮಂದಿ ಗಂಡಸರು, ನಿಜ. ಆದರೆ ಸತ್ತು ಎದ್ದು ಬಂದ ಕರ್ತನು ಮೊದಲ ಸುದ್ದಿಯನ್ನು ಆ ಗಂಡಸರಿಗೆ ಹೇಳು ಅಂತ ಕಳಿಸಿದ್ದು ಮಗ್ದಲದ ಮರಿಯಳನ್ನು.

ಸಿಎಸ್‌ಐನಲ್ಲಿ 1976ರಿಂದ ಹೆಂಗಸರಿಗೂ ಪಾದ್ರಿಯ ಅಭಿಷೇಕ ಕೊಡುತ್ತಿದ್ದಾರೆ. 2013ರಲ್ಲಿ ಪುಷ್ಪಾ ಲಲಿತ ಅವರು ಆಂಧ್ರದ ನಂದ್ಯಾಲದ ಬಿಷಪ್ ಆದರು, ಸಿಎಸ್‌ಐಗೆ ಮೊದಲ ಮಹಿಳಾ ಬಿಷಪ್. ಆದರೆ ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬರುವುದಿಲ್ಲ ಅಕ್ಕ, ಅದನ್ನೂ ಹೇಳಬೇಕು. ನನಗೆ ಗೊತ್ತಿರುವ ಒಬ್ಬ ಸಭಾಪಾಲಕಿ ಮೊದಲ ಸಲ ಪ್ರಭು ಭೋಜನ ಕೊಡುವಾಗ ಮುಂದಿನ ಸಾಲಿನವರು ಏಳಲೇ ಇಲ್ಲ. ರೊಟ್ಟಿ ತಟ್ಟೆ ಹಿಡಿದು ನಿಂತೇ ಇದ್ದರು. ಕೊನೆಗೆ ಹಿಂದಿನಿಂದ ಒಬ್ಬ ಮುದುಕಿ ಕೋಲು ಊರಿಕೊಂಡು ಬಂದು ಮೊಣಕಾಲೂರಿದರು. ಆಮೇಲೆ ಒಬ್ಬೊಬ್ಬರೇ ಎದ್ದರು.

ಚಿಕ್ಕಬಳ್ಳಾಪುರ ಕಥೋಲಿಕ

ನಮ್ಮಲ್ಲಿ ಗುರುಪಟ್ಟ, ಅಂದರೆ ಪಾದ್ರಿ ಪದವಿ, ಹೆಂಗಸರಿಗೆ ಇಲ್ಲ. 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು, ಅದನ್ನು ಕೊಡುವ ಅಧಿಕಾರವೇ ಧರ್ಮಸಭೆಗೆ ಇಲ್ಲ ಅಂತ ಬರೆದರು. ನಾನು ಅದನ್ನು ಒಪ್ಪಿ ನಡೆಯುವವನು. ಆದರೂ ನಮ್ಮಲ್ಲಿ ಬಲಿಪೂಜೆಯ ಬೈಬಲ್ ವಾಚನವನ್ನು ಹೆಣ್ಣುಮಕ್ಕಳು ಪೀಠದ ಮೇಲೆ ನಿಂತೇ ಓದುತ್ತಾರೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಚಕರ ಸೇವೆಯನ್ನು ಕಾನೂನಿನಲ್ಲೇ ಹೆಂಗಸರಿಗೂ ತೆರೆದರು. ಗುರುಪಟ್ಟ ಇಲ್ಲ ಅನ್ನುವ ನಮ್ಮಲ್ಲೇ ಮೈಕ್ ಕೆಳಗಿಳಿಸುವುದಿಲ್ಲ ಸಿಸ್ಟರ್.

ತಿಪಟೂರು ಸಭಾಹಿರಿಯ

ಎಲ್ಲ ಓದಿದೆ. ಮೇಲ್ವಿಚಾರಣೆಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ತುಮಕೂರಿನ ತಮ್ಮ ಹೇಳಿದ ಕೊರಿಂಥ 11:5 ನನ್ನನ್ನು ನಿಲ್ಲಿಸಿತು. ಮೂವತ್ತು ವರ್ಷದಿಂದ ಆ ಭಾಗವನ್ನು ಮುಸುಕಿನ ಬಗ್ಗೆ ಮಾತ್ರ ಹೇಳಿದ್ದೇನೆ, ಅದರೊಳಗೆ ಹೆಂಗಸು ಮಾತಾಡುತ್ತಿದ್ದಾಳೆ ಅಂತ ಒಂದು ಸಲವೂ ಹೇಳಿಲ್ಲ. ತಂಗಿ, ನಿಮ್ಮ ಕಮಿಟಿಯವರನ್ನು ಜಗಳಕ್ಕೆ ಕರೆಯಬೇಡ. ಬೈಬಲ್ ತೆರೆದು ಕೂರೋಣ ಅಂತ ಕರೆ.

ಬಂಗಾರಪೇಟೆ ಸಂಡೇ ಸ್ಕೂಲ್ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನರ್ಸಮ್ಮ, ನಿಮ್ಮ ದೊಡ್ಡಜ್ಜಿಯ ಬೈಬಲ್ ವಿಷಯ ಓದಿ ಅತ್ತುಬಿಟ್ಟೆ. ಹಿರಿಯಣ್ಣ, ನೀವು ಎರಡನೇ ಸಲ ಬರೆದದ್ದು ನನಗೆ ದೊಡ್ಡದು.

ನಿನ್ನೆ ಪಾಸ್ಟರ್ ಮನೆಗೆ ಹೋಗಿ ಇದೆಲ್ಲ ಓದಿ ಹೇಳಿದೆ. ಅವರು ಇನ್ನೂ ಮಾತಾಡಬಾರದು, ಸ್ಲೇಟಿನ ಮೇಲೆ ಬರೆದು ತೋರಿಸಿದರು: ಮುಂದಿನ ತಿಂಗಳು ಮೀಟಿಂಗ್, ರೋಮಾಪುರ 16, ಕೊರಿಂಥ 11, 14, ತಿಮೊಥೆಯ 2 ಎಲ್ಲವನ್ನೂ ಓದೋಣ, ಹೆಂಗಸರೂ ಕೂರಲಿ. ಕಮಿಟಿಯ ಏಳು ಜನರೂ ಗಂಡಸರು, ಏನಾಗುತ್ತದೋ ಗೊತ್ತಿಲ್ಲ. ಬೇಡ ಅಂತಲೇ ತೀರ್ಮಾನ ಆದರೆ, ಯಾವ ವಚನದ ಮೇಲೆ ಬೇಡ ಅನ್ನುತ್ತಿದ್ದೀರಿ ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಅಂತ ಕೇಳುತ್ತೇನೆ. ಸುಸನ್ನಮ್ಮ ಕೇಳಿದ ಹಾಗೆ.

ಮಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಮೀಟಿಂಗಿಗೆ ನೀನೂ ಬಾ ಅಂದಿದ್ದೇನೆ.

ಇನ್ನೊಂದು. ಮೈಕ್ ಕೆಳಗಿಟ್ಟ ಹಿರಿಯರ ಮನೆಯವರು ಬೆಳಿಗ್ಗೆ ಡೇರಿ ಹತ್ತಿರ ಸಿಕ್ಕಿದ್ದರು. ಹಾಲಿನ ಕ್ಯಾನ್ ಕೆಳಗಿಟ್ಟು, "ಅವತ್ತು ಅರ್ಧಕ್ಕೆ ನಿಲ್ಲಿಸಿಬಿಟ್ಟೆಯಲ್ಲ, ಆ ಊರಿನವರು ಆಮೇಲೆ ಏನು ಮಾಡಿದರು ಅಂತ ಹೇಳಲೇ ಇಲ್ಲ" ಅಂದರು. ಈ ಶುಕ್ರವಾರ ಕೂಟ ನಮ್ಮ ಮನೆಯಲ್ಲೇ. 39ನೇ ವಚನದಿಂದ ಶುರು ಮಾಡುತ್ತೇನೆ.